ಡ್ಯೂಕ್–ಕ್ಯಾರೊಲೈನಾ ಪಂದ್ಯಕ್ಕೆ ಮುನ್ನ ಕೆನ್‌ಪಾಮ್: ಚಂದಾ ಹಣಕ್ಕೆ ತಕ್ಕ ಸೇವೆಯೇ?

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಡ್ಯೂಕ್ ಮತ್ತು ನಾರ್ತ್ ಕ್ಯಾರೊಲೈನಾ ತಂಡಗಳು ಮುಖಾಮುಖಿಯಾಗುವ ದಿನ ಹತ್ತಿರವಾದಂತೆಲ್ಲ ಮುನ್ನೋಟದ ಬರಹಗಳಿಗೆ ಬರವಿರುವುದಿಲ್ಲ. ಅವುಗಳಲ್ಲಿ ಹೆಚ್ಚಿನವು ಹಳೆಯ ಪಂದ್ಯಗಳ ವೈಭವವನ್ನೂ ಕೋಚ್‌ಗಳು ಪತ್ರಿಕಾಗೋಷ್ಠಿಯಲ್ಲಿ ಆಡಿದ ನಾಲ್ಕು ಮಾತುಗಳನ್ನೂ ಸೇರಿಸಿ, ಇಂಥ ಪಂದ್ಯದಲ್ಲಿ ಏನು ಬೇಕಾದರೂ ಆಗಬಹುದು ಎಂದು ಹೇಳಿ ಕೈತೊಳೆದುಕೊಳ್ಳುತ್ತವೆ. ಏನು ಬೇಕಾದರೂ ಆಗಬಹುದು ಎಂಬುದು ಸುಳ್ಳಲ್ಲ. ಆದರೆ ಯಾವುದು ಆಗುವ ಸಾಧ್ಯತೆ ಎಷ್ಟು, ಪಂದ್ಯ ಓಟದ ವೇಗದಲ್ಲಿ ಸಾಗೀತೇ ಅಥವಾ ಅರ್ಧ ಅಂಕಣದಲ್ಲೇ ಕುಂಟೀತೇ, ಬುಟ್ಟಿಗೆ ಬೀಳದೆ ಚಿಮ್ಮಿ ಬಂದ ಚೆಂಡನ್ನು ಹಿಡಿಯುವ ರಿಬೌಂಡ್‌ಗಳಲ್ಲಿ ಯಾರ ಕೈ ಮೇಲಾದೀತು ಎಂದು ಕೇಳುವ ಓದುಗನಿಗೆ ಆ ಬರಹಗಳಿಂದ ಸಿಗುವುದು ಕಡಿಮೆ. ಈ ಪ್ರಶ್ನೆಗಳನ್ನು ಹಿಡಿದು ಹೋಗುವವರಲ್ಲಿ ಬಹಳ ಮಂದಿ ಕೊನೆಗೆ ಬಂದು ನಿಲ್ಲುವುದು ಕೆನ್ ಪಾಮರಾಯ್ ನಡೆಸುವ ಕೆನ್‌ಪಾಮ್ ಎಂಬ ಚಂದಾ ಜಾಲತಾಣದ ಮುಂದೆ. ಈ ವಿಮರ್ಶೆ ಆ ಸೇವೆಯ ಕುರಿತದ್ದು. ಅದನ್ನು ಒರೆಗೆ ಹಚ್ಚಲು ಡ್ಯೂಕ್–ಕ್ಯಾರೊಲೈನಾ ಪಂದ್ಯಕ್ಕಿಂತ ಗಟ್ಟಿಯಾದ ಕಲ್ಲು ಸಿಗಲಾರದು. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುವುದಾದರೆ, ಪಂದ್ಯ ಹೇಗೆ ನಡೆಯಬಹುದೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಕಂಡಿಲ್ಲ, ಆದರೆ ಯಾರು ಗೆಲ್ಲುತ್ತಾರೆಂದು ತಿಳಿಯಲು ಮಾತ್ರ ಹಣ ಕೊಡುವವರು ಕೊಡದಿರುವುದೇ ಲೇಸು.

ಮೊದಲು ಪಂದ್ಯದ ಹಿನ್ನೆಲೆಯನ್ನು ತಿಳಿಯದವರಿಗಾಗಿ ಕೆಲವು ಮಾತು. ಡ್ಯೂಕ್ ಡರಮ್ ನಗರದ ಖಾಸಗಿ ವಿಶ್ವವಿದ್ಯಾಲಯ. ನಾರ್ತ್ ಕ್ಯಾರೊಲೈನಾ ಚಾಪೆಲ್ ಹಿಲ್‌ನಲ್ಲಿರುವ ಸರ್ಕಾರಿ ವಿಶ್ವವಿದ್ಯಾಲಯ. ಎರಡರ ನಡುವಿನ ಅಂತರ ಸುಮಾರು 16 ಕಿಲೋಮೀಟರ್ ಮಾತ್ರ. ಇವುಗಳ ಮೊದಲ ಪಂದ್ಯ ನಡೆದದ್ದು 1920ರಲ್ಲಿ, ಡ್ಯೂಕ್ ಇನ್ನೂ ಟ್ರಿನಿಟಿ ಕಾಲೇಜ್ ಎಂಬ ಹೆಸರಿನಲ್ಲಿದ್ದಾಗ. ಅಂದಿನಿಂದ ಇಂದಿನವರೆಗೆ ರಾಷ್ಟ್ರೀಯ ಟೂರ್ನಿಯನ್ನು ಕ್ಯಾರೊಲೈನಾ ಆರು ಬಾರಿಯೂ ಡ್ಯೂಕ್ ಐದು ಬಾರಿಯೂ ಗೆದ್ದಿವೆ. ಪ್ರತಿ ಋತುವಿನಲ್ಲೂ ಸಾಮಾನ್ಯವಾಗಿ ಫೆಬ್ರವರಿಯ ಮೊದಲ ಭಾಗದಲ್ಲೊಮ್ಮೆ, ಮಾರ್ಚ್ ಆರಂಭದಲ್ಲೊಮ್ಮೆ, ಒಬ್ಬೊಬ್ಬರ ಅಂಕಣದಲ್ಲಿ ಒಂದೊಂದು ಪಂದ್ಯ ಇದ್ದೇ ಇರುತ್ತದೆ. ಡ್ಯೂಕ್‌ನ ಕ್ಯಾಮರಾನ್ ಇಂಡೋರ್ ಸ್ಟೇಡಿಯಂ 1940ರಲ್ಲಿ ತೆರೆದದ್ದು, 9,314 ಮಂದಿಗಷ್ಟೇ ಜಾಗ. ಕ್ಯಾರೊಲೈನಾದ ಡೀನ್ ಸ್ಮಿತ್ ಸೆಂಟರ್ 1986ರಲ್ಲಿ ಇದೇ ಡ್ಯೂಕ್ ವಿರುದ್ಧದ 95–92ರ ಗೆಲುವಿನೊಂದಿಗೆ ಬಾಗಿಲು ತೆರೆಯಿತು, ಅಲ್ಲಿ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಜನ ಕೂರುತ್ತಾರೆ. ಸದ್ದಿನ ವಿಷಯದಲ್ಲಿ ಮಾತ್ರ ಚಿಕ್ಕದೇ ದೊಡ್ಡದನ್ನು ಮೀರಿಸುತ್ತದೆ ಎಂಬುದು ಬಹುಮತದ ಅಭಿಪ್ರಾಯ, ಏಕೆಂದರೆ ಕ್ಯಾಮರಾನ್‌ನಲ್ಲಿ ವಿದ್ಯಾರ್ಥಿಗಳು ಅಂಕಣದ ಗೆರೆಗೆ ತಾಗಿಕೊಂಡೇ ನಿಂತಿರುತ್ತಾರೆ. ಆ ಜಾಗಕ್ಕಾಗಿ ಅವರು ವಾರಗಟ್ಟಲೆ ಹೊರಗೆ ಡೇರೆ ಹಾಕಿಕೊಂಡು ಕಾಯುವುದೂ ಒಂದು ಸಂಪ್ರದಾಯವೇ ಆಗಿಬಿಟ್ಟಿದೆ.

ಇನ್ನು ಸೇವೆಯ ವಿಷಯ. ಪಾಮರಾಯ್ ವೃತ್ತಿಯಿಂದ ಹವಾಮಾನ ತಜ್ಞರಾಗಿದ್ದವರು. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯಲ್ಲಿ ಕೆಲಸ ಮಾಡಿದವರು. ಆ ಹಿನ್ನೆಲೆ ಜಾಲತಾಣದ ಪ್ರತಿ ಪುಟದಲ್ಲೂ ಕಾಣುತ್ತದೆ: ಅಲಂಕಾರವಿಲ್ಲ, ಚಿತ್ರಗಳಿಲ್ಲ, ವಿಡಿಯೊ ತಾನಾಗಿಯೇ ಶುರುವಾಗಿ ಕಿವಿಗೆ ಅಪ್ಪಳಿಸುವ ಕಾಟವಿಲ್ಲ. ತೆರೆದ ಕೂಡಲೇ ಕಾಣುವುದು ಪುರುಷರ ಮೊದಲ ಡಿವಿಷನ್‌ನ 360ಕ್ಕೂ ಹೆಚ್ಚು ತಂಡಗಳಿಗೆ ರೇಟಿಂಗ್ ಕೊಟ್ಟು ಜೋಡಿಸಿದ ಒಂದು ಉದ್ದನೆಯ ಕೋಷ್ಟಕ. ಈ ಕೋಷ್ಟಕವನ್ನು ನೋಡಲು ಹಣ ಕೊಡಬೇಕಿಲ್ಲ. ತಂಡದ ಹೆಸರಿನ ಮೇಲೆ ಒತ್ತಿ ಒಳಗೆ ಹೋಗಬೇಕೆಂದಾಗ, ಅಂದರೆ ಪ್ರತಿ ತಂಡದ ವಿವರವಾದ ಪುಟ, ದಿನದ ಪಂದ್ಯಗಳ ಅಂದಾಜು, ಆಟಗಾರರ ಲೆಕ್ಕ, ಮುಗಿದ ಪಂದ್ಯಗಳಲ್ಲಿ ಗೆಲುವಿನ ಸಾಧ್ಯತೆ ಏರಿಳಿದ ಬಗೆಯನ್ನು ತೋರಿಸುವ ಗೆರೆಚಿತ್ರ, ಇವು ಬೇಕೆಂದಾಗ ಚಂದಾ ಕೇಳುತ್ತದೆ. ವರ್ಷಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಡಾಲರ್ ಆಸುಪಾಸಿನ ಈ ಮೊತ್ತ, ಪಂದ್ಯಗಳನ್ನು ತೋರಿಸುವ ವಾಹಿನಿಗಳು ಪ್ರತಿ ತಿಂಗಳೂ ಸೆಳೆದುಕೊಳ್ಳುವ ಹಣದ ಪಕ್ಕದಲ್ಲಿಟ್ಟು ನೋಡಿದರೆ ಹೆಚ್ಚೆನಿಸುವುದಿಲ್ಲ. ರಾಷ್ಟ್ರೀಯ ಟೂರ್ನಿಗೆ ತಂಡಗಳನ್ನು ಆಯ್ಕೆ ಮಾಡುವ ಸಮಿತಿಯ ಮುಂದಿರುವ ಹಾಳೆಗಳಲ್ಲೂ ಈ ರೇಟಿಂಗ್ ಮುದ್ರಿತವಾಗಿರುತ್ತದೆ ಎಂಬುದು ಇದಕ್ಕಿರುವ ಮನ್ನಣೆಗೆ ಸಾಕ್ಷಿ.

ಕೋಷ್ಟಕದ ತಿರುಳು ಒಂದೇ ವಿಚಾರದ ಮೇಲೆ ನಿಂತಿದೆ. ತಂಡವೊಂದು ಪಂದ್ಯಕ್ಕೆ ಎಷ್ಟು ಅಂಕ ಗಳಿಸಿತು ಎಂದು ಅದು ಕೇಳುವುದಿಲ್ಲ. ಚೆಂಡು ನೂರು ಬಾರಿ ಕೈಗೆ ಬಂದರೆ ಎಷ್ಟು ಅಂಕ ಗಳಿಸುತ್ತದೆ, ಎದುರಾಳಿಗೆ ನೂರು ಬಾರಿ ಚೆಂಡು ಸಿಕ್ಕರೆ ಎಷ್ಟು ಅಂಕ ಬಿಟ್ಟುಕೊಡುತ್ತದೆ ಎಂದು ಕೇಳುತ್ತದೆ. ಆಮೇಲೆ ಎದುರಾಳಿಗಳ ಬಲಾಬಲವನ್ನೂ ಪಂದ್ಯ ನಡೆದ ಅಂಕಣವನ್ನೂ ಗಣನೆಗೆ ತೆಗೆದುಕೊಂಡು ಆ ಎರಡು ಸಂಖ್ಯೆಗಳನ್ನು ತಿದ್ದುತ್ತದೆ. ಎರಡರ ನಡುವಿನ ವ್ಯತ್ಯಾಸವೇ ತಂಡದ ರೇಟಿಂಗ್. ಚೆಂಡು ಎಷ್ಟು ಬಾರಿ ಕೈಗೆ ಬಂತು ಎಂಬುದನ್ನು ಯಾರೂ ಕೂತು ಎಣಿಸುವುದಿಲ್ಲ. ಎಸೆತಗಳ ಸಂಖ್ಯೆಯಿಂದ ಆಕ್ರಮಣದ ರಿಬೌಂಡ್‌ಗಳನ್ನು (ತಾನೇ ತಪ್ಪಿಸಿದ ಎಸೆತವನ್ನು ತಾನೇ ಮತ್ತೆ ಹಿಡಿದದ್ದು) ಕಳೆದು, ಟರ್ನ್‌ಓವರ್‌ಗಳನ್ನು (ಎಸೆಯುವ ಮುನ್ನವೇ ಚೆಂಡು ಎದುರಾಳಿಯ ಪಾಲಾದದ್ದು) ಕೂಡಿಸಿ, ಎದುರಾಳಿಯ ಫೌಲ್‌ಗೆ ಪ್ರತಿಯಾಗಿ ಸಿಗುವ ಫ್ರೀ ಥ್ರೋಗಳನ್ನು 0.475ರಿಂದ ಗುಣಿಸಿ ಸೇರಿಸಿದರೆ ಅಂದಾಜು ಸಿಗುತ್ತದೆ. ಹೀಗೆ ಲೆಕ್ಕ ಹಾಕುವುದರ ಅಗತ್ಯವನ್ನು ತೋರಿಸಲು ಈ ಎರಡು ತಂಡಗಳ ಇತಿಹಾಸದಲ್ಲೇ ಒಂದು ವಿಚಿತ್ರವಾದ ಪಂದ್ಯವಿದೆ. 1979ರ ಫೆಬ್ರವರಿಯಲ್ಲಿ ಕ್ಯಾಮರಾನ್‌ನಲ್ಲಿ ನಡೆದ ಪಂದ್ಯದ ಮೊದಲ ಅರ್ಧ ಮುಗಿದಾಗ ಅಂಕ ಡ್ಯೂಕ್ 7, ಕ್ಯಾರೊಲೈನಾ 0. ಇಂತಿಷ್ಟು ಸೆಕೆಂಡಿನೊಳಗೆ ಎಸೆಯಲೇಬೇಕೆನ್ನುವ ಶಾಟ್ ಕ್ಲಾಕ್ ಆಗ ಇರಲಿಲ್ಲ. ಕೋಚ್ ಡೀನ್ ಸ್ಮಿತ್ ಅವರ ಕ್ಯಾರೊಲೈನಾ ತಂಡ ಚೆಂಡನ್ನು ಎಸೆಯದೆ ಕೈಯಲ್ಲೇ ಇಟ್ಟುಕೊಂಡು ಕಾಲ ತಳ್ಳಿತು. ಎರಡನೆಯ ಅರ್ಧದಲ್ಲಿ ಎರಡೂ ತಂಡಗಳು ತಲಾ 40 ಅಂಕ ಗಳಿಸಿದವು, ಡ್ಯೂಕ್ 47–40ರಿಂದ ಗೆದ್ದಿತು. ಡ್ಯೂಕ್ ಆ ದಿನ ಬಿಟ್ಟುಕೊಟ್ಟದ್ದು 40 ಅಂಕ ಎಂಬುದನ್ನಷ್ಟೇ ನೋಡಿ ಅದರ ರಕ್ಷಣೆಯನ್ನು ಕೊಂಡಾಡಿದರೆ ಅದು ಪೂರ್ತಿ ಸರಿಯಾಗುವುದಿಲ್ಲ. ಇದಕ್ಕೆ ತದ್ವಿರುದ್ಧವಾಗಿ, 2003ರಿಂದ 2021ರವರೆಗೆ ಕ್ಯಾರೊಲೈನಾದ ಕೋಚ್ ಆಗಿದ್ದ ರಾಯ್ ವಿಲಿಯಮ್ಸ್ ತಂಡವನ್ನು ಓಡಿಸಿಯೇ ಆಡಿಸುತ್ತಿದ್ದರು. ಅಷ್ಟು ವೇಗದ ಆಟದಲ್ಲಿ ಎದುರಾಳಿಗೂ ಹೆಚ್ಚು ಅವಕಾಶ ಸಿಗುವುದರಿಂದ, ಪಂದ್ಯಕ್ಕೆ ಬಿಟ್ಟುಕೊಟ್ಟ ಅಂಕಗಳ ಪಟ್ಟಿಯಲ್ಲಿ ಅವರ ರಕ್ಷಣೆ ಇರುವುದಕ್ಕಿಂತ ಕಳಪೆಯಾಗಿ ಕಾಣುತ್ತಿತ್ತು. ಪತ್ರಿಕೆಗಳ ಮುನ್ನೋಟಗಳಲ್ಲಿ ಇಂದಿಗೂ ಪಂದ್ಯಕ್ಕೆ ಸರಾಸರಿ ಇಷ್ಟು ಅಂಕ ಎಂದೇ ಬರೆಯುವ ಅಭ್ಯಾಸ ಉಳಿದಿದೆ, ಯಾಕೆಂದು ನನಗಂತೂ ಅರ್ಥವಾಗಿಲ್ಲ.

ಚಂದಾದಾರನಾಗಿ ನಾನು ಹೆಚ್ಚು ಹೊತ್ತು ಕಳೆಯುವುದು ತಂಡದ ಪುಟದಲ್ಲಿರುವ ಒಂದು ಸಣ್ಣ ಚೌಕದಲ್ಲಿ. ಎಡಗಡೆ ಅಂಶದ ಹೆಸರು, ಅದರ ಪಕ್ಕ ಆಕ್ರಮಣದ ಸಂಖ್ಯೆ, ಆಮೇಲೆ ರಕ್ಷಣೆಯ ಸಂಖ್ಯೆ, ಕೊನೆಗೆ ಇಡೀ ಡಿವಿಷನ್‌ನ ಸರಾಸರಿ. ಪ್ರತಿ ಸಂಖ್ಯೆಯ ಜೊತೆಗೂ ದೇಶದಲ್ಲಿ ಅದಕ್ಕೆ ಎಷ್ಟನೆಯ ಸ್ಥಾನ ಎಂಬುದು ಸಣ್ಣ ಅಕ್ಷರದಲ್ಲಿ. ಮೇಲುಗಡೆ ದಕ್ಷತೆ ಮತ್ತು ವೇಗ. ಅದರ ಕೆಳಗೆ ಬ್ಯಾಸ್ಕೆಟ್‌ಬಾಲ್ ಅಂಕಿಅಂಶ ತಜ್ಞ ಡೀನ್ ಆಲಿವರ್ ಜನಪ್ರಿಯಗೊಳಿಸಿದ ನಾಲ್ಕು ಅಂಶಗಳು, ಅಂದರೆ ಎಸೆತದ ಗುಣಮಟ್ಟ, ಟರ್ನ್‌ಓವರ್, ಆಕ್ರಮಣದ ರಿಬೌಂಡ್, ಫ್ರೀ ಥ್ರೋ ಪಡೆಯುವ ಪ್ರಮಾಣ. ಇನ್ನೂ ಕೆಳಗೆ, ಒಟ್ಟು ಎಸೆತಗಳಲ್ಲಿ ಮೂರಂಕದವು ಎಷ್ಟು, ಬದಲಿ ಆಟಗಾರರು ಆಡಿದ ನಿಮಿಷ ಎಷ್ಟು, ತಂಡದ ಸರಾಸರಿ ಎತ್ತರ ಎಷ್ಟು, ಕಳೆದ ವರ್ಷ ಆಡಿದವರಲ್ಲಿ ಎಷ್ಟು ಮಂದಿ ಉಳಿದಿದ್ದಾರೆ ಎಂಬ ಲೆಕ್ಕ. ಎರಡು ತಂಡಗಳ ಪುಟಗಳನ್ನು ಅಕ್ಕಪಕ್ಕ ತೆರೆದಿಟ್ಟು, ಒಂದರ ಆಕ್ರಮಣದ ಸಾಲನ್ನು ಇನ್ನೊಂದರ ರಕ್ಷಣೆಯ ಸಾಲಿಗೆ ಎದುರಾಗಿ ಓದಿದರೆ ಮುನ್ನೋಟ ತಾನಾಗಿಯೇ ಮೂಡತೊಡಗುತ್ತದೆ.

ಎಸೆತದ ಗುಣಮಟ್ಟ ಎಂದದ್ದಕ್ಕೆ ಸ್ವಲ್ಪ ವಿವರಣೆ ಬೇಕು. ಇಪ್ಪತ್ತು ಬಾರಿ ಎರಡಂಕದ ಎಸೆತ ಎಸೆದು ಹತ್ತನ್ನು ಬುಟ್ಟಿಗೆ ಹಾಕಿದ ತಂಡಕ್ಕೆ 20 ಅಂಕ ಸಿಗುತ್ತದೆ. ಅಷ್ಟೇ ಬಾರಿ ಮೂರಂಕದ ಗೆರೆಯಾಚೆಯಿಂದ ಎಸೆದು ಏಳನ್ನಷ್ಟೇ ಹಾಕಿದ ತಂಡಕ್ಕೆ 21 ಅಂಕ. ಮೊದಲನೆಯದರ ಶೇಕಡಾವಾರು 50, ಎರಡನೆಯದರದು 35. ಆದರೂ ಎರಡನೆಯದೇ ಮುಂದು. ಮೂರಂಕದ ಎಸೆತಕ್ಕೆ ಒಂದೂವರೆ ಪಾಲು ಬೆಲೆ ಕೊಟ್ಟು ಲೆಕ್ಕ ಹಾಕಿದಾಗ ಎರಡನೆಯ ತಂಡದ ಸಂಖ್ಯೆ 52.5 ಆಗಿ ಸತ್ಯ ಹೊರಬೀಳುತ್ತದೆ. ನಾಲ್ಕು ಅಂಶಗಳಲ್ಲಿ ಇದಕ್ಕೇ ಹೆಚ್ಚು ತೂಕ; ಆಲಿವರ್ ಕೊಟ್ಟ ಅಂದಾಜಿನಲ್ಲಿ ಇದರ ಪಾಲು ನೂರಕ್ಕೆ 40, ಟರ್ನ್‌ಓವರ್‌ನದು 25, ರಿಬೌಂಡ್‌ನದು 20, ಫ್ರೀ ಥ್ರೋನದು 15. ಹಾಗೆಂದು ಕೊನೆಯ ಎರಡನ್ನು ಕಡೆಗಣಿಸಿ ಕ್ಯಾರೊಲೈನಾದ ಪಂದ್ಯವೊಂದಕ್ಕೆ ಮುನ್ನೋಟ ಬರೆಯುವುದು ಸಾಧ್ಯವಿಲ್ಲ. 2017ರ ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್‌ನಲ್ಲಿ ಆರೆಗನ್ ವಿರುದ್ಧ ಒಂದಂಕದ ಮುನ್ನಡೆಯಿದ್ದಾಗ, ಕೊನೆಯ ಆರು ಸೆಕೆಂಡುಗಳಲ್ಲಿ ಕೆನಡಿ ಮೀಕ್ಸ್ ಎರಡು ಫ್ರೀ ಥ್ರೋ ತಪ್ಪಿಸಿದರು, ಚೆಂಡು ಮತ್ತೆ ಕ್ಯಾರೊಲೈನಾದ ಕೈಗೇ ಬಂತು. ಜೋಯಲ್ ಬೆರಿ ಎರಡು ತಪ್ಪಿಸಿದರು, ಮತ್ತೆ ಮೀಕ್ಸ್ ಅವರೇ ರಿಬೌಂಡ್ ಹಿಡಿದರು. ನಾಲ್ಕು ಫ್ರೀ ಥ್ರೋ ಸತತವಾಗಿ ತಪ್ಪಿದರೂ ಎದುರಾಳಿಗೆ ಒಂದು ಎಸೆತವೂ ದಕ್ಕಲಿಲ್ಲ; 77–76ರಿಂದ ಗೆದ್ದ ತಂಡ ಎರಡು ದಿನಗಳ ಬಳಿಕ ಗಾನ್‌ಜ಼ಾಗವನ್ನು ಸೋಲಿಸಿ ಪ್ರಶಸ್ತಿ ಪಡೆಯಿತು. ಆಕ್ರಮಣದ ರಿಬೌಂಡ್ ಆ ತಂಡದ ಬಲವೆಂಬುದು ಆ ಚೌಕದಲ್ಲಿ ಋತುವಿನುದ್ದಕ್ಕೂ ಎಲ್ಲರ ಕಣ್ಣೆದುರೇ ಇತ್ತು. ಪಂದ್ಯ ಯಾವ ಬಗೆಯಲ್ಲಿ ತಿರುಗಬಹುದೆಂದು ಈ ಸೇವೆ ಮುಂಚಿತವಾಗಿ ಸೂಚಿಸುವುದು ಹೀಗೆ.

ಇದೇ ಸಂಖ್ಯೆಗಳಿಂದ ಪಂದ್ಯದ ಅಂದಾಜು ಅಂಕವೂ ಗೆಲುವಿನ ಸಾಧ್ಯತೆಯೂ ಹೊರಡುತ್ತವೆ. ಅದನ್ನು ಕೈಯಲ್ಲೇ ಸರಿಸುಮಾರಾಗಿ ಲೆಕ್ಕ ಹಾಕಿ ನೋಡಬಹುದು; ಹಾಗೆ ಒಮ್ಮೆ ನೋಡಿದವರು ಆ ಸಂಖ್ಯೆಗಳನ್ನು ಓದುವ ರೀತಿಯೇ ಬದಲಾಗುತ್ತದೆ. ಒಂದು ತಂಡದ ರೇಟಿಂಗ್ 25, ಇನ್ನೊಂದರದು 19 ಎಂದುಕೊಳ್ಳೋಣ. ಪಂದ್ಯದಲ್ಲಿ ಪ್ರತಿ ತಂಡಕ್ಕೂ ಸುಮಾರು 70 ಬಾರಿ ಚೆಂಡು ಸಿಗುತ್ತದೆ ಎಂದಿಟ್ಟುಕೊಳ್ಳೋಣ. ನೂರಕ್ಕೆ ಆರಂಕದ ಅಂತರ, ಎಪ್ಪತ್ತಕ್ಕೆ ಇಳಿಸಿದಾಗ ನಾಲ್ಕು ಅಂಕ ಚಿಲ್ಲರೆ. ಕಾಲೇಜು ಆಟದಲ್ಲಿ ತವರು ಅಂಕಣದ ಅನುಕೂಲ ಸುಮಾರು ಮೂರು ಅಂಕ. ಬಲವಾದ ತಂಡದ ಮನೆಯಲ್ಲೇ ಪಂದ್ಯ ನಡೆದರೆ ಅದಕ್ಕೆ ಏಳಂಕದ ಮೇಲುಗೈ, ಎದುರಾಳಿಯ ಮನೆಯಲ್ಲಾದರೆ ಒಂದಂಕದಷ್ಟೇ. ಅಂದಾಜಿಗೂ ನಿಜವಾದ ಫಲಿತಾಂಶಕ್ಕೂ ನಡುವೆ ಹತ್ತು–ಹನ್ನೊಂದು ಅಂಕಗಳ ಹೊಯ್ದಾಟ ತೀರಾ ಸಹಜವಾದ್ದರಿಂದ, ಮೊದಲ ಸಂದರ್ಭದಲ್ಲಿ ಗೆಲುವಿನ ಸಾಧ್ಯತೆ ನೂರಕ್ಕೆ ಸುಮಾರು 74, ಎರಡನೆಯದರಲ್ಲಿ ಸುಮಾರು 54. ತಂಡಗಳು ಅವೇ, ಅಂತರ ಒಂದು ತಿಂಗಳು ಮತ್ತು 16 ಕಿಲೋಮೀಟರ್. ಏಳಂಕದ ಮೇಲುಗೈ ಎಂದರೆ ಗೆಲುವು ಕಟ್ಟಿಟ್ಟ ಬುತ್ತಿ ಎಂದು ಭಾವಿಸುವವರು, ಅಂಥ ನಾಲ್ಕು ಪಂದ್ಯಗಳಲ್ಲಿ ಒಂದು ಕೈತಪ್ಪುತ್ತದೆ ಎಂಬುದನ್ನು ಮರೆಯಬಾರದು. ನಾಳೆ ಮಳೆ ಬರುವ ಸಾಧ್ಯತೆ ನೂರಕ್ಕೆ ಎಪ್ಪತ್ತು ಎಂದ ಹವಾಮಾನ ವರದಿಯನ್ನು ಬಿಸಿಲು ಬಂದ ಒಂದೇ ಕಾರಣಕ್ಕೆ ಸುಳ್ಳೆನ್ನುವಂತಿಲ್ಲ. ಹಳೆಯ ವೃತ್ತಿಯ ಈ ಶಿಸ್ತನ್ನು ಪಾಮರಾಯ್ ಇಲ್ಲೂ ಬಿಟ್ಟಿಲ್ಲ.

ಈ ಮಾತಿಗೆ 2022ರ ಮೂರು ಪಂದ್ಯಗಳು ಸಾಕ್ಷಿ. ಡ್ಯೂಕ್ ಅನ್ನು 1980ರಿಂದ ನಡೆಸಿಕೊಂಡು ಬಂದಿದ್ದ ಮೈಕ್ ಶಷೆವ್‌ಸ್ಕಿ ಅವರಿಗೆ ಅದು ಕೊನೆಯ ಋತು. ಕ್ಯಾರೊಲೈನಾದ ಹ್ಯೂಬರ್ಟ್ ಡೇವಿಸ್ ಅವರಿಗೆ ಕೋಚ್ ಆಗಿ ಮೊದಲನೆಯದು. ಫೆಬ್ರವರಿ 5ರಂದು ಚಾಪೆಲ್ ಹಿಲ್‌ಗೆ ಹೋಗಿ ಡ್ಯೂಕ್ 87–67ರಿಂದ ಗೆದ್ದಿತು. ಮಾರ್ಚ್ 5ರಂದು ಶಷೆವ್‌ಸ್ಕಿ ಅವರ ಕೊನೆಯ ತವರು ಪಂದ್ಯ. ಅವರ ಹಳೆಯ ಶಿಷ್ಯರೆಲ್ಲ ಬಂದು ಕೂತಿದ್ದ ಕ್ಯಾಮರಾನ್‌ನಲ್ಲಿ ಕ್ಯಾರೊಲೈನಾ 94–81ರಿಂದ ಗೆದ್ದಿತು, ಅದರ ನಾಲ್ವರು ಆಟಗಾರರು ತಲಾ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಅಂಕ ಗಳಿಸಿದರು. ಇಪ್ಪತ್ತು ಅಂಕಗಳ ಸೋಲು ಹದಿಮೂರು ಅಂಕಗಳ ಗೆಲುವಾಗಿ ತಿರುಗಲು ಬೇಕಾದದ್ದು ನಾಲ್ಕು ವಾರ; ಅದೂ ಎರಡು ಬಾರಿಯೂ ಆತಿಥೇಯರೇ ಸೋತರು. ಮೂರನೆಯ ಪಂದ್ಯ ನ್ಯೂ ಆರ್ಲಿಯನ್ಸ್‌ನ ಸೆಮಿಫೈನಲ್, ರಾಷ್ಟ್ರೀಯ ಟೂರ್ನಿಯಲ್ಲಿ ಇವರ ಮೊಟ್ಟಮೊದಲ ಭೇಟಿ. ಎರಡನೆಯ ಶ್ರೇಯಾಂಕದ ಡ್ಯೂಕ್ ಅನ್ನು ಎಂಟನೆಯ ಶ್ರೇಯಾಂಕದ ಕ್ಯಾರೊಲೈನಾ 81–77ರಿಂದ ಸೋಲಿಸಿತು. ಕೊನೆಯ ನಿಮಿಷದಲ್ಲಿ ಡ್ಯೂಕ್‌ನ ಮಾರ್ಕ್ ವಿಲಿಯಮ್ಸ್ ಎರಡು ಫ್ರೀ ಥ್ರೋ ಕಳೆದುಕೊಂಡ ಮೇಲೆ ಕೇಲಬ್ ಲವ್ ಹಾಕಿದ ಮೂರಂಕದ ಎಸೆತ ಪಂದ್ಯವನ್ನು ತೀರ್ಮಾನಿಸಿತು. ಮೂರೂ ಪಂದ್ಯಗಳಿಗೆ ಮುನ್ನ ಡ್ಯೂಕ್‌ಗೇ ಹೆಚ್ಚು ಅಂಕ ಕೊಡುವುದು ಯಾವುದೇ ವಿವೇಕದ ಲೆಕ್ಕಕ್ಕೂ ಸಹಜವಾಗಿತ್ತು. ಮೂರರಲ್ಲಿ ಎರಡನ್ನು ಸೋತಿತು ಎಂದು ಲೆಕ್ಕವನ್ನೇ ಜರೆಯುವವರು ಮೂರು ಪಂದ್ಯಗಳಿಂದ ಏನನ್ನೂ ಸಾಧಿಸಲಾಗದು ಎಂಬುದನ್ನು ಗಮನಿಸುವುದಿಲ್ಲ. ಆದರೂ ಒಂದು ಕೊರತೆ ನಿಜವಾಗಿ ಇತ್ತು: ಆ ಋತುವಿನ ಕೊನೆಯ ವಾರಗಳಲ್ಲಿ ಕ್ಯಾರೊಲೈನಾ ಮೊದಲಿನ ತಂಡವಾಗಿ ಉಳಿದಿರಲಿಲ್ಲ, ಐವರು ಆಟಗಾರರ ಒಂದು ಗಟ್ಟಿ ಗುಂಪು ಕೂಡಿಬಂದಿತ್ತು. ಇಡೀ ಋತುವಿನ ಫಲಿತಾಂಶಗಳನ್ನು ಒಟ್ಟಿಗೆ ಅರೆದು ಒಂದು ಸಂಖ್ಯೆ ಮಾಡುವ ಪದ್ಧತಿಗೆ ಇಂಥ ಬದಲಾವಣೆ ತಡವಾಗಿ ತಿಳಿಯುತ್ತದೆ.

ಗಾಯಗಳ ವಿಷಯದಲ್ಲೂ ಹಾಗೆಯೇ. 2019ರ ಫೆಬ್ರವರಿ 20ರಂದು ಕ್ಯಾಮರಾನ್‌ನಲ್ಲಿ ಪಂದ್ಯ ಶುರುವಾಗಿ 36 ಸೆಕೆಂಡು ಕಳೆಯುವಷ್ಟರಲ್ಲಿ ಡ್ಯೂಕ್‌ನ ಜ಼ಯಾನ್ ವಿಲಿಯಮ್‌ಸನ್ ಅವರ ಬೂಟು ಹರಿದುಹೋಗಿ ಮಂಡಿಗೆ ಪೆಟ್ಟಾಯಿತು, ಆ ಪಂದ್ಯದಲ್ಲಿ ಅವರು ಮತ್ತೆ ಅಂಕಣಕ್ಕಿಳಿಯಲಿಲ್ಲ. ಅಗ್ರಸ್ಥಾನದ ಡ್ಯೂಕ್ 72–88ರಿಂದ ಸೋತಿತು. ಇದನ್ನು ಯಾವ ಮುನ್ನೋಟವೂ ಕಾಣಲು ಸಾಧ್ಯವಿಲ್ಲ, ಅದಕ್ಕಾಗಿ ಯಾರನ್ನೂ ದೂರುವಂತಿಲ್ಲ. ಆದರೆ ಮರುದಿನದಿಂದ, ಅವರು ಆಡುವುದಿಲ್ಲವೆಂದು ಊರಿಗೆಲ್ಲ ತಿಳಿದ ಮೇಲೂ, ರೇಟಿಂಗ್ ಆ ವಿಷಯವನ್ನು ನೇರವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪ್ರಮುಖ ಆಟಗಾರ ಹೊರಗಿರುವಾಗ ಅಂದಾಜು ಅಂಕವನ್ನು ಓದುಗನೇ ತಿದ್ದಿಕೊಳ್ಳಬೇಕು. ಹಣ ಕೊಟ್ಟವನಿಗೆ ಪಂದ್ಯದ ಪುಟದಲ್ಲೇ ಒಂದು ಸಾಲಿನ ಎಚ್ಚರಿಕೆ ಸಿಗಬಾರದೇ ಎಂಬುದು ನನ್ನ ತಕರಾರು. ಋತುವಿನ ಆರಂಭದಲ್ಲಿ ಇನ್ನೊಂದು ಬಗೆಯ ಜಾಗ್ರತೆ ಬೇಕು. ಆಗ ರೇಟಿಂಗ್‌ನಲ್ಲಿ ಹಿಂದಿನ ವರ್ಷಗಳ ಸಾಧನೆ ಮತ್ತು ಉಳಿದ ಆಟಗಾರರ ಲೆಕ್ಕದಿಂದ ಮಾಡಿದ ಪೂರ್ವ ಅಂದಾಜು ಬೆರೆತಿರುತ್ತದೆ, ಪಂದ್ಯಗಳು ನಡೆದಂತೆ ಅದರ ಪಾಲು ಕರಗುತ್ತ ಹೋಗುತ್ತದೆ. ಒಂದೇ ವರ್ಷ ಆಡಿ ವೃತ್ತಿಪರ ಲೀಗ್ ಆದ ಎನ್‌ಬಿಎಗೆ ಹೊರಡುವ ಹುಡುಗರನ್ನು ನೆಚ್ಚಿಕೊಂಡ ಡ್ಯೂಕ್‌ನಂಥ ತಂಡದ ವಿಷಯದಲ್ಲಿ ನವೆಂಬರ್‌ನ ಸಂಖ್ಯೆಯನ್ನು ಅರ್ಧ ನಂಬಿದರೆ ಸಾಕು. ಫೆಬ್ರವರಿಯ ಹೊತ್ತಿಗೆ ಆ ಸಂಶಯ ಬೇಕಿಲ್ಲ.

ಮುನ್ನೋಟ ಬರೆಯುವವರು ಪಾಮರಾಯ್ ಅವರಿಂದ ಕಲಿಯಬೇಕಾದ ಒಂದು ಪಾಠ ಮೂರಂಕದ ಎಸೆತದ ರಕ್ಷಣೆಯದು. ಎದುರಾಳಿಗಳು ನಮ್ಮ ವಿರುದ್ಧ ಮೂರಂಕದ ಎಸೆತಗಳಲ್ಲಿ ನೂರಕ್ಕೆ ಮೂವತ್ತನ್ನೇ ಹಾಕಿದ್ದಾರೆ, ಆದ್ದರಿಂದ ನಮ್ಮ ರಕ್ಷಣೆ ಅಮೋಘ ಎಂಬ ವಾದ ಪ್ರತಿ ವರ್ಷ ಕೇಳಿಬರುತ್ತದೆ. ಎದುರಾಳಿ ಎಷ್ಟು ಬಾರಿ ಎಸೆಯುತ್ತಾನೆ ಎಂಬುದರ ಮೇಲೆ ರಕ್ಷಣೆಗೆ ಹಿಡಿತವಿರುತ್ತದೆ; ಎಸೆದ ಮೇಲೆ ಬುಟ್ಟಿಗೆ ಬೀಳುವ ಪ್ರಮಾಣದ ಮೇಲೆ ಇರುವ ಹಿಡಿತ ಬಹಳ ಕಡಿಮೆ, ಅದರಲ್ಲಿ ದೊಡ್ಡ ಪಾಲು ಅದೃಷ್ಟದ್ದು ಎಂದು ಅವರು ವರ್ಷಗಳ ಹಿಂದೆಯೇ ಅಂಕಿಅಂಶ ಸಮೇತ ಬರೆದಿದ್ದಾರೆ. ಹಾಗಾಗಿ ಆ ಚೌಕದಲ್ಲಿ ನೋಡಬೇಕಾದದ್ದು ಶೇಕಡಾವಾರಿನ ಸಾಲನ್ನಲ್ಲ. ಒಟ್ಟು ಎಸೆತಗಳಲ್ಲಿ ಮೂರಂಕದವು ಎಷ್ಟು ಎಂಬ ಸಾಲನ್ನು. ಎದುರಾಳಿಗೆ ಗೆರೆಯಾಚೆ ಜಾಗವನ್ನೇ ಕೊಡದ ತಂಡ ಎದುರಾಳಿಯ ಅದೃಷ್ಟಕ್ಕೆ ಅವಕಾಶವನ್ನೂ ಕೊಡುವುದಿಲ್ಲ. ಹೀಗೆ ಯಾವ ಸಂಖ್ಯೆ ಹೆಚ್ಚು ಮಾತಾಡುತ್ತದೆ, ಯಾವುದು ಬರಿದೆ ಸದ್ದು ಮಾಡುತ್ತದೆ ಎಂಬುದನ್ನು ಹೊಸ ಚಂದಾದಾರನಿಗೆ ತಿಳಿಸುವ ಏರ್ಪಾಡು ಜಾಲತಾಣದಲ್ಲಿ ಇನ್ನಷ್ಟು ಎದ್ದು ಕಾಣಬೇಕಿತ್ತು. ವಿವರಣೆಗಳು ಹಳೆಯ ಬರಹಗಳಲ್ಲಿ ಹುದುಗಿವೆ. ಹುಡುಕಿಕೊಂಡು ಹೋಗುವವರಿಗೆ ಮಾತ್ರ ಸಿಗುತ್ತವೆ.

ಆಟಗಾರರ ಪಟ್ಟಿ ನನಗೆ ಇಷ್ಟವಾದ ಇನ್ನೊಂದು ಭಾಗ. ಯಾರು ಪಂದ್ಯಕ್ಕೆ ಎಷ್ಟು ಅಂಕ ಗಳಿಸುತ್ತಾರೆಂಬ ಕ್ರಮದಲ್ಲಿ ಅವರನ್ನು ಜೋಡಿಸಿಲ್ಲ. ತಾವು ಅಂಕಣದಲ್ಲಿರುವಾಗ ತಂಡದ ಅವಕಾಶಗಳಲ್ಲಿ ಎಷ್ಟು ಪಾಲನ್ನು ಎಸೆದೋ ಕಳೆದುಕೊಂಡೋ ಮುಗಿಸುತ್ತಾರೆ ಎಂಬುದರ ಮೇಲೆ ಗುಂಪು ಮಾಡಲಾಗಿದೆ. ನೂರಕ್ಕೆ 28ಕ್ಕಿಂತ ಹೆಚ್ಚು ಪಾಲು ಹೊರುವವರು ಮೇಲಿನ ಗುಂಪಿನಲ್ಲಿ. 12ಕ್ಕಿಂತ ಕಡಿಮೆಯಿರುವವರು ಹೆಚ್ಚುಕಡಿಮೆ ಕಣ್ಣಿಗೇ ಬೀಳದವರೆಂಬ ಕೊನೆಯ ಗುಂಪಿನಲ್ಲಿ. ಆ ಕಡೆಯ ಗುಂಪಿನಲ್ಲಿ ಕೆಲವೊಮ್ಮೆ ತಂಡದ ಅತ್ಯುತ್ತಮ ರಕ್ಷಕನೂ ಕೂತಿರುತ್ತಾನೆ, ಪಾಪ. ಪಂದ್ಯದ ಕೊನೆಯ ಎರಡು ನಿಮಿಷಗಳಲ್ಲಿ ಚೆಂಡು ಯಾರ ಕೈಗೆ ಹೋಗುತ್ತದೆ ಎಂಬುದಕ್ಕೆ ಮೇಲಿನ ಗುಂಪಿನ ಹೆಸರುಗಳು ಬಹಳ ಮಟ್ಟಿಗೆ ಉತ್ತರ ಕೊಡುತ್ತವೆ. ಎದುರಾಳಿಯ ಕೋಚ್ ತನ್ನ ಒಳ್ಳೆಯ ರಕ್ಷಕನನ್ನು ಯಾರ ಮೇಲೆ ಬಿಡುತ್ತಾನೆ ಎಂಬುದಕ್ಕೂ ಅದೇ ಉತ್ತರ. ಇಬ್ಬರಲ್ಲಿ ಒಂದು ತಂಡದ ಹೊರೆ ಒಬ್ಬನ ಮೇಲೇ ಬಿದ್ದಿದ್ದು, ಇನ್ನೊಂದರಲ್ಲಿ ನಾಲ್ವರಿಗೆ ಹಂಚಿಹೋಗಿದ್ದರೆ, ಮೊದಲನೆಯ ತಂಡಕ್ಕೆ ಆ ಒಬ್ಬನ ಎರಡು ಬೇಗದ ಫೌಲ್‌ಗಳೇ ಸಾಕು, ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಕಾಲೇಜು ಆಟದಲ್ಲಿ ಐದು ಫೌಲ್‌ಗೆ ಆಟಗಾರ ಹೊರಗೆ.

ಗೆಲುವಿನ ಸಾಧ್ಯತೆಯ ಗೆರೆಚಿತ್ರ ಮುನ್ನೋಟಕ್ಕೆ ಸೇರಿದ್ದಲ್ಲವಾದರೂ, ಹಳೆಯ ಪಂದ್ಯಗಳನ್ನು ಓದಲು ಚೆನ್ನಾಗಿದೆ. 1974ರಲ್ಲಿ 17 ಸೆಕೆಂಡು ಉಳಿದಿರುವಾಗ ಎಂಟು ಅಂಕ ಹಿಂದಿದ್ದ ಕ್ಯಾರೊಲೈನಾ, ಮೂರಂಕದ ಎಸೆತವೆಂಬುದೇ ಇಲ್ಲದ ಕಾಲದಲ್ಲಿ, ವಾಲ್ಟರ್ ಡೇವಿಸ್ ಅವರ ದೂರದ ಎಸೆತದಿಂದ ಸಮ ಮಾಡಿಕೊಂಡು ಓವರ್‌ಟೈಮ್‌ನಲ್ಲಿ 96–92ರಿಂದ ಗೆದ್ದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅಂಥ ಹಳೆಯ ಕಾಲದ ಮಾಹಿತಿ ಇಲ್ಲಿ ಸಿಗುವುದಿಲ್ಲ. ಆದರೆ 2020ರ ಫೆಬ್ರವರಿ 8ರ ಪಂದ್ಯದಂಥವು ಸಿಗುತ್ತವೆ. ಅಂದು ಎರಡಂಕ ಹಿಂದಿದ್ದ ಡ್ಯೂಕ್‌ನ ಟ್ರೆ ಜೋನ್ಸ್ ಬೇಕೆಂದೇ ಫ್ರೀ ಥ್ರೋ ತಪ್ಪಿಸಿ, ಚಿಮ್ಮಿ ಬಂದ ಚೆಂಡನ್ನು ತಾನೇ ಹಿಡಿದು ಕೊನೆಯ ಕ್ಷಣದಲ್ಲಿ ಹಾಕಿ ಸಮ ಮಾಡಿದರು, ವೆಂಡೆಲ್ ಮೂರ್ ಓವರ್‌ಟೈಮ್‌ನ ಕೊನೆಯ ಕ್ಷಣದಲ್ಲಿ 98–96ರ ಗೆಲುವು ತಂದರು. ಆ ವರ್ಷ ಕ್ಯಾರೊಲೈನಾದ ಸ್ಥಿತಿ ಹೇಳಿಕೊಳ್ಳುವಂತಿರಲಿಲ್ಲ, 14 ಗೆಲುವು 19 ಸೋಲಿನೊಂದಿಗೆ ಋತು ಮುಗಿಸಿತು. ಆದರೂ ಆ ರಾತ್ರಿ ಬಹುಹೊತ್ತು ಮುಂದಿದ್ದದ್ದು ಅದೇ.

ಇಷ್ಟೆಲ್ಲ ಹೇಳಿದ ಮೇಲೆ, ಹಣ ಕೊಡದೆಯೇ ಇದರಲ್ಲಿ ಬಹುಪಾಲು ಪಡೆಯಬಹುದೇ ಎಂಬ ಪ್ರಶ್ನೆ ಬರುತ್ತದೆ. ಪಡೆಯಬಹುದು. ಬಾರ್ಟ್ ಟಾರ್ವಿಕ್ ನಡೆಸುವ ಟಿ–ರ‍್ಯಾಂಕ್ ಎಂಬ ಜಾಲತಾಣ ಇದೇ ಬಗೆಯ ಲೆಕ್ಕವನ್ನು ಉಚಿತವಾಗಿ ಕೊಡುತ್ತದೆ. ಅಷ್ಟೇ ಅಲ್ಲ, ಒಂದು ದಿನಾಂಕದಿಂದ ಇನ್ನೊಂದರವರೆಗಿನ ಪಂದ್ಯಗಳನ್ನು ಮಾತ್ರ ಆರಿಸಿ ರೇಟಿಂಗ್ ನೋಡುವ ಸೌಲಭ್ಯವೂ ಅಲ್ಲಿದೆ. 2022ರ ಕ್ಯಾರೊಲೈನಾದಂತೆ ನಡುವೆ ಬದಲಾದ ತಂಡವನ್ನು ಅಳೆಯಲು ಆ ಸೌಲಭ್ಯವೇ ಸರಿಯಾದ ಸಾಧನ, ಅದು ಕೆನ್‌ಪಾಮ್‌ನಲ್ಲಿ ಇಷ್ಟು ಸುಲಭವಾಗಿ ಸಿಗದಿರುವುದು ಚಂದಾದಾರರ ಪಾಲಿಗೆ ಬೇಸರದ ಸಂಗತಿ. ಅಧಿಕೃತ ಶ್ರೇಯಾಂಕವಾದ ನೆಟ್ 2018–19ರ ಋತುವಿನಿಂದ ಆರ್‌ಪಿಐ ಎಂಬ ಹಳೆಯ ಶ್ರೇಯಾಂಕದ ಜಾಗಕ್ಕೆ ಬಂದಿದ್ದು ಅದೂ ಉಚಿತವೇ. ಆದರೆ ಅದು ಆಯ್ಕೆ ಸಮಿತಿಗಾಗಿ ಹುಟ್ಟಿದ್ದು, ಮುನ್ನೋಟಕ್ಕಾಗಿ ಅಲ್ಲ. ಅದರ ಪ್ರಕಾರ ಮೊದಲ 75 ತಂಡಗಳಲ್ಲಿ ಯಾವುದರ ಮನೆಗೆ ಹೋಗಿ ಗೆದ್ದರೂ ಅದು ಅತ್ಯುತ್ತಮ ದರ್ಜೆಯ ಗೆಲುವು, ತನ್ನ ಮನೆಯಲ್ಲಾದರೆ ಮೊದಲ 30ರೊಳಗಿನ ತಂಡವನ್ನೇ ಸೋಲಿಸಬೇಕು. ಡ್ಯೂಕ್‌ಗೂ ಕ್ಯಾರೊಲೈನಾಗೂ ಪರಸ್ಪರರ ಅಂಕಣದಲ್ಲಿನ ಗೆಲುವು ಪ್ರತಿಷ್ಠೆಯಷ್ಟೇ ಅಲ್ಲದೆ ಮಾರ್ಚ್‌ನ ಶ್ರೇಯಾಂಕಕ್ಕೂ ಬೆಲೆಯುಳ್ಳದ್ದಾಗುವುದು ಈ ನಿಯಮದಿಂದ.

ಕೆನ್‌ಪಾಮ್‌ನ ಉಳಿದ ಕುಂದುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮೊಬೈಲ್ ಪರದೆಯಲ್ಲಿ ಅದರ ಕೋಷ್ಟಕಗಳು ಓದಲು ಕಷ್ಟ. ಸಂಖ್ಯೆಗಳು ಒಂದಕ್ಕೊಂದು ಅಂಟಿಕೊಂಡು, ಬೆರಳಿನಿಂದ ಹಿಗ್ಗಿಸಿ ಆಚೀಚೆ ಎಳೆಯುತ್ತ ಓದಬೇಕಾಗುತ್ತದೆ. ಎರಡು ತಂಡಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕಾದ ಕೆಲಸಕ್ಕೆ ಕಂಪ್ಯೂಟರ್ ಮುಂದೆಯೇ ಕೂರಬೇಕು. ಮಹಿಳೆಯರ ಪಂದ್ಯಗಳಿಗೆ ಇಲ್ಲಿ ಜಾಗವೇ ಇಲ್ಲ, ಇದೇ ಎರಡು ವಿಶ್ವವಿದ್ಯಾಲಯಗಳ ಮಹಿಳಾ ತಂಡಗಳೂ ಪ್ರತಿ ವರ್ಷ ಇಷ್ಟೇ ಹಟದಿಂದ ಸೆಣಸುತ್ತವೆಯಾದರೂ. ಪ್ರತಿಯಾಗಿ ಸಿಗುವುದು ಎರಡು ದಶಕಗಳಿಗೂ ಹೆಚ್ಚಿನ ಋತುಗಳ ಒಂದೇ ಅಳತೆಗೋಲಿನ ದಾಖಲೆ, ಪ್ರತಿ ರಾತ್ರಿ ಪಂದ್ಯ ಮುಗಿದ ಸ್ವಲ್ಪ ಹೊತ್ತಿನಲ್ಲೇ ಹೊಸದಾಗುವ ಸಂಖ್ಯೆಗಳು, ಮತ್ತು ತನಗೆ ಗೊತ್ತಿರುವುದಕ್ಕಿಂತ ಹೆಚ್ಚು ಗೊತ್ತಿರುವಂತೆ ನಟಿಸದ ಒಂದು ಪದ್ಧತಿ.

ಈ ಬಾರಿಯ ಪಂದ್ಯಕ್ಕೆ ಸಿದ್ಧವಾಗುವವರಿಗೆ ನನ್ನ ಸಲಹೆ ಇಷ್ಟು. ಯಾರು ಗೆಲ್ಲಬಹುದೆಂಬ ಒಂದು ಸಂಖ್ಯೆಯಷ್ಟೇ ಬೇಕಿದ್ದರೆ ಕೆನ್‌ಪಾಮ್‌ನ ಉಚಿತ ಕೋಷ್ಟಕದಿಂದ ಎರಡು ರೇಟಿಂಗ್‌ಗಳನ್ನು ತೆಗೆದುಕೊಂಡು, ಮೇಲೆ ತೋರಿಸಿದಂತೆ ಅವುಗಳ ವ್ಯತ್ಯಾಸವನ್ನು ಎಪ್ಪತ್ತರಿಂದ ಗುಣಿಸಿ ನೂರರಿಂದ ಭಾಗಿಸಿ, ಆತಿಥೇಯರಿಗೆ ಮೂರು ಅಂಕ ಸೇರಿಸಿದರೆ ಚಂದಾದಾರರಿಗೆ ಸಿಗುವುದಕ್ಕೆ ತೀರಾ ಹತ್ತಿರದ ಉತ್ತರ ಸಿಗುತ್ತದೆ. ವಿವರ ಬೇಕಿದ್ದು ಹಣ ಬೇಡವೆನ್ನುವವರಿಗೆ ಟಿ–ರ‍್ಯಾಂಕ್ ಇದೆ. ತಂಡದ ಪುಟವನ್ನು ಸಾಲು ಸಾಲಾಗಿ ಓದುವ ಆಸಕ್ತಿ ಇರುವವರು ಚಂದಾ ಕೊಡಲಿ, ಕೊಡುವುದಾದರೆ ಫೆಬ್ರವರಿಯವರೆಗೆ ಕಾಯದೆ ನವೆಂಬರ್‌ನಲ್ಲೇ ಕೊಡಲಿ. ಮೊದಲ ಪಂದ್ಯದ ಹೊತ್ತಿಗೆ ಎರಡೂ ತಂಡಗಳ ಸಂಖ್ಯೆಗಳು ಏರಿಳಿದ ಬಗೆಯನ್ನು ತಾವೇ ಕಂಡಿರುತ್ತಾರೆ, ಮತ್ತು ಒಂದು ವರ್ಷದ ಚಂದಾದಲ್ಲಿ ಏಪ್ರಿಲ್‌ವರೆಗಿನ ಆಟವೆಲ್ಲ ಸೇರಿಹೋಗುತ್ತದೆ.